ಭಾರ ಕೂತ ಮೇಲೇ ಬಿಗಿಯಬೇಕು

ಜೂನ್ ೩, ೨೦೧೩, ಸೋಮವಾರ

ಇಪ್ಪತ್ತಾರು ವರ್ಷ ಇಶಿದಾನ ಗ್ಯಾರೇಜಿನಲ್ಲಿ ಗಾಡಿಗಳ ಹೊಟ್ಟೆಯಡಿ ಮಲಗಿದೆ. ಕೆಲಸ ಮಾಡಿದ್ದು ನಾನು, ದಾಖಲೆ ಪುಸ್ತಕದಲ್ಲಿ ಬಿದ್ದದ್ದು ಇಶಿದಾನ ಹೆಸರು. ಹೆಣ್ಣಿನ ಹೆಸರು ಕಂಡರೆ ಗಿರಾಕಿ ಹೆದರುತ್ತಾನೆ ಎನ್ನುತ್ತಿದ್ದ. ಮೆಕ್ಯಾನಿಕ್ ಪರೀಕ್ಷೆ ಮೊದಲ ಸಲಕ್ಕೇ ಪಾಸಾದವಳು ನಾನು, ಮೂರು ಸಲ ಡುಮ್ಕಿ ಹೊಡೆದವನು ಅವನು. ಇದನ್ನು ಅವನ ಮುಖದ ಮೇಲೆ ಒಂದು ದಿನವೂ ಹೇಳಲಿಲ್ಲ. ಮಾರ್ಚಿನಲ್ಲಿ ಅವನು ಬಾಗಿಲೆಳೆದ. ಈಗ ಇಕುನೊ ಪೇಟೆಯ ರೈಲು ಕಮಾನಿನ ಕೆಳಗೆ ನನ್ನದೇ ಜಾಗ. ‘ತಕಾಯಾಮಾ ಮೋಟಾರ್ಸ್’ ಎಂದು ಬೋರ್ಡು. ತಕಾಯಾಮಾ ಜುಂಕೊ, ಶಾಲೆಯಿಂದಲೂ ಇದೇ ಜಪಾನಿ ಹೆಸರು. ಅಮ್ಮ ಇಟ್ಟ ಕೊರಿಯಾದ ಹೆಸರು ಕಾಗದಗಳ ಪೆಟ್ಟಿಗೆಯಲ್ಲಿದೆ. ಅಲ್ಲೇ ಇರಲಿ, ಬೋರ್ಡಿನ ಮೇಲೆ ಬರೆಯಲು ಅದೇನು ಬಿರುದಲ್ಲ.

ಇವತ್ತು ಕಾಲುವೆಯಾಚೆಯ ಕೊರಿಯಾ ಅಜ್ಜಿಯರ ಹಗಲು ಆರೈಕೆ ಕೇಂದ್ರದಿಂದ ಮುನ್ ಎಂಬಾತ ಬಂದ. ಅಲ್ಲಿಯ ಮೇಲ್ವಿಚಾರಕನೂ ಅವನೇ, ಡ್ರೈವರೂ ಅವನೇ. ಎಂಟು ಸೀಟಿನ ಬಿಳಿ ವ್ಯಾನು, ಹದಿಮೂರು ವರ್ಷ ಹಳೆಯದು.

“ದೊಡ್ಡ ಗ್ಯಾರೇಜಿನೋರು ಹೊಸದು ತಗೊಳ್ಳಿ ಅಂತಾರೆ ತಕಾಯಾಮಾ-ಸಾನ್. ಇದ್ರಲ್ಲಿ ಕೂತು ನಮ್ಮ ಅಜ್ಜಿಯರ ಬೆನ್ನು ಮುರೀತಾ ಇದೆ. ಮಾತಿಗಲ್ಲ ಹೇಳ್ತಿರೋದು, ನಿಜವಾಗ್ಲೂ ಮುರಿದಿದೆ.”

ಮುರಿದದ್ದು ಹ್ಯುನ್ ಚುನೊಕ್ ಎಂಬ ಎಂಬತ್ತೈದರ ಅಜ್ಜಿಯದು. ಏಪ್ರಿಲ್‌ನಲ್ಲಿ ಕಾಲುವೆ ಸೇತುವೆಯ ಮೇಲೆ ವ್ಯಾನಿನ ಹಿಂಭಾಗ ಢಬ್ ಎಂದು ಕುಕ್ಕಿ ಬೆನ್ನಿನ ಒಂದು ಮೂಳೆ ಬಿರಿದಿದೆ. ಈಗ ಕೂರಬಹುದು, ಆದರೆ ಕುಲುಕಾಟ ಕೂಡದೆಂದು ಡಾಕ್ಟರ ಆಜ್ಞೆ. ನಗೊಯಾದಲ್ಲಿರುವ ಮಗ ಅಲ್ಲಿಯೇ ಒಂದು ವೃದ್ಧಾಶ್ರಮದಲ್ಲಿ ಜಾಗ ನೋಡಿದ್ದಾನೆ. ಇದೇ ಮೂವತ್ತಕ್ಕೆ ಬಂದು ಕರೆದೊಯ್ಯುತ್ತಾನೆ.

“ಅಲ್ಲಿ ಅವರ ಭಾಷೆ ಆಡೋರು ಒಬ್ರೂ ಇಲ್ಲ. ಬಾಯಿ ಇದ್ದೂ ಮೂಗಿ ಆಗ್ತಾರೆ. ಗಾಡಿ ಸರಿಯಾಗಿ ಅವರು ಮತ್ತೆ ಕೇಂದ್ರಕ್ಕೆ ಬರೋ ಹಾಗಾದ್ರೆ ಇಲ್ಲೇ ಬಿಡ್ತೀನಿ ಅಂತ ಮಗ ಮಾತು ಕೊಟ್ಟಿದ್ದಾನೆ.”

ಹ್ಯುನ್ ಚುನೊಕ್. ಆ ಹೆಸರು ಕೇಳಿದ ಮೇಲೆ ಸ್ಪ್ಯಾನರು ಎಲ್ಲಿಟ್ಟೆನೆಂದು ಸ್ವಲ್ಪ ಹೊತ್ತು ಹುಡುಕಿದೆ. ಕೈಯಲ್ಲೇ ಇತ್ತು.

ಆಗುತ್ತದೆ ಎಂದೆ.

ಜೂನ್ ೪, ಮಂಗಳವಾರ

ವ್ಯಾನನ್ನು ಗ್ಯಾರೇಜಿನ ನೆಲದಲ್ಲಿ ತೋಡಿದ ಗುಂಡಿಯ ಮೇಲೆ ನಿಲ್ಲಿಸಿ ಕೆಳಗಿಳಿದೆ. ನಾಲ್ಕೂ ಶಾಕ್ ಅಬ್ಸಾರ್ಬರುಗಳು ಎಣ್ಣೆ ಕಾರಿಕೊಂಡು ಸತ್ತಿವೆ. ಹಿಂದಿನ ಸ್ಪ್ರಿಂಗುಗಳು ಕುಗ್ಗಿವೆ. ಗಾಡಿ ಪೂರ್ತಿ ಕುಸಿದಾಗ ತಡೆಯಬೇಕಾದ ರಬ್ಬರು ಮುದ್ದೆ ಬೆರಳಲ್ಲಿ ಹಿಸುಕಿದರೆ ಉದುರುತ್ತದೆ. ಅಂದರೆ ಸೇತುವೆಯ ಸಂದು ಬಂದಾಗಲೆಲ್ಲ ಕಬ್ಬಿಣಕ್ಕೆ ಕಬ್ಬಿಣವೇ ಬಡಿದಿದೆ, ನಡುವೆ ಇದ್ದದ್ದು ಮುದುಕಿಯರ ಬೆನ್ನು.

ಇಂಥ ಗಾಡಿಗೆ ಎರಡು ವರ್ಷದ ಹಿಂದೆ ಯಾವನೋ ಒಬ್ಬ ‘ಸರಿಯಾಗಿದೆ’ ಎಂದು ಗೀಟು ಹಾಕಿದ್ದಾನೆ. ಕೆಳಗೆ ಇಳಿದೇ ಇಲ್ಲ ಅವನು. ತನ್ನ ತಾಯಿ ಕೂರುವ ಗಾಡಿಯಾಗಿದ್ದರೆ ಇಳಿಯುತ್ತಿದ್ದ.

ಜೂನ್ ೭, ಶುಕ್ರವಾರ

ಬಿಡಿಭಾಗದ ಅಂಗಡಿ. ಅಂಗಡಿಯವ ಕುವಾಬಾರಾ ನನ್ನನ್ನು ಕಂಡದ್ದೇ ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳ ಕೆಂಪು ಬಣ್ಣದ ಒಂದು ಸೆಟ್ಟು ತಂದು ಮೇಜಿನ ಮೇಲಿಟ್ಟ.

“ಜುಂಕೊ-ಚಾನ್, ಇದು ನೋಡು. ಗಟ್ಟಿ-ಮೆದು ಮೂವತ್ತೆರಡು ಹಂತ! ಗಾಡಿನ ನೆಲಕ್ಕೆ ಮುತ್ತಿಡೋ ಹಾಗೆ ಇಳಿಸಬಹುದು.”

“ನನ್ನ ಪ್ರಯಾಣಿಕರ ವಯಸ್ಸು ಕೂಡಿದ್ರೆ ಐನೂರು ವರ್ಷ ಕುವಾಬಾರಾ-ಸಾನ್. ಮುತ್ತಿಡೋದು ಅವರು ಮರೆತು ಬಹಳ ದಿನ ಆಯ್ತು.”

“ಗಂಡಸರು ಬಂದ್ರೆ ಇದನ್ನೇ ಕಣ್ಮುಚ್ಚಿ ಒಯ್ತಾರೆ.”

“ಹೌದು, ಕಣ್ಣು ಮುಚ್ಚೇ ಒಯ್ತಾರೆ. ಕ್ಯಾಟಲಾಗು ಕೊಡಿ ಇಲ್ಲಿ.”

ಚಂದ ನೋಡಿ ಕೊಳ್ಳುವ ಸಾಮಾನಲ್ಲ ಇದು. ಇದೇ ಮಾದರಿಯ, ಇದೇ ವರ್ಷದ ಗಾಡಿಗೆಂದು ಮಾಡಿದ್ದಿರಬೇಕು. ಎತ್ತರ ಕಂಪನಿ ಇಟ್ಟದ್ದಕ್ಕಿಂತ ಇಳಿಯಬಾರದು. ಮೆಟ್ಟಿಲು ಒಂದು ಬೆರಳು ಏರಿಳಿದರೂ ಅಜ್ಜಿಯರ ಕಾಲಿಗೆ ಗೊತ್ತಾಗುತ್ತದೆ. ಚಕ್ರ ಗಾಳಿಯಲ್ಲಿ ನೇತಾಡುವಾಗಲೂ ಸ್ಪ್ರಿಂಗು ತನ್ನ ಬಟ್ಟಲಿನಿಂದ ಸಡಿಲಬಾರದು, ಸಡಿಲಿದರೆ ಸರ್ಕಾರಿ ತಪಾಸಣೆಯಲ್ಲಿ ಗಾಡಿ ನಪಾಸು. ಶಾಕ್ ಅಬ್ಸಾರ್ಬರು ಆ ಸ್ಪ್ರಿಂಗಿನ ಬಲಕ್ಕೆ ಹೊಂದಬೇಕು. ಇದೆಲ್ಲ ಹೊಂದುವ ಸ್ಪ್ರಿಂಗು ಎರಡೇ ಬಗೆ: ಒಂದು ಮೆದು, ಒಂದು ಗಟ್ಟಿ. ಭಾರಕ್ಕೆ ತಕ್ಕ ಹಾಗೆ ಆರಿಸಬೇಕು. ಮೆದುವಾದರೆ ಕುಸಿದು ಕುಕ್ಕುತ್ತದೆ, ಅತಿ ಗಟ್ಟಿಯಾದರೆ ರಸ್ತೆಯ ಒಂದೊಂದು ಕಲ್ಲನ್ನೂ ಬೆನ್ನಿಗೆ ವರದಿ ಮಾಡುತ್ತದೆ.

ಮುನ್‌ಗೆ ಫೋನು ಮಾಡಿ ಆರು ಅಜ್ಜಿಯರ ತೂಕ ಕೇಳಿದೆ. ಕಡತ ನೋಡಿ ಓದಿದ: ನಲವತ್ತಮೂರು, ನಲವತ್ತೆರಡು, ನಲವತ್ತನಾಲ್ಕು, ನಲವತ್ತೆರಡು, ನಲವತ್ತೈದು, ನಲವತ್ತೊಂದು. ಕೂಡಿದರೆ ಇನ್ನೂರ ಐವತ್ತೇಳು ಕಿಲೋ.

ಮೆದು ಸ್ಪ್ರಿಂಗು ತಂದೆ.

ಜೂನ್ ೧೧, ಮಂಗಳವಾರ

ಇವತ್ತಿನ ಕೆಲಸ ನನಗೇ ಮೆಚ್ಚಿಕೆಯಾಯಿತು. ಇಲ್ಲಿ ಬೇರೆ ಯಾರೂ ಓದುವುದಿಲ್ಲ, ಆದ್ದರಿಂದ ಬರೆಯುತ್ತೇನೆ: ಈ ಪೇಟೆಯಲ್ಲಿ ಇಷ್ಟು ಚೊಕ್ಕವಾಗಿ ಮಾಡುವವರು ಇಬ್ಬರಿಲ್ಲ.

ಮೊದಲು ಚಕ್ರಗಳಿಗೆ ಅಡ್ಡಗಟ್ಟೆ. ಜಾಕು ಎತ್ತಲಿಕ್ಕೆ ಮಾತ್ರ, ಹೊರುವುದು ಸ್ಟ್ಯಾಂಡು. ಬರೀ ಜಾಕು ನಂಬಿ ಗಾಡಿಯಡಿ ತೂರಿದ ಇಬ್ಬರ ಸಾವಿಗೆ ಹೋಗಿ ಬಂದವಳು ನಾನು. ಇಬ್ಬರೂ ‘ಎರಡೇ ನಿಮಿಷ’ ಎಂದವರು.

ಮುಂಭಾಗದ ಸ್ಪ್ರಿಂಗು ಹಾವಿಗಿಂತ ಕೆಟ್ಟದ್ದು. ಒತ್ತಿ ಹಿಡಿಯುವ ಕೊಕ್ಕೆಗಳನ್ನು ಎದುರುಬದುರು ಹಾಕಿ, ಆ ಕಡೆ ಎರಡು ಸುತ್ತು, ಈ ಕಡೆ ಎರಡು ಸುತ್ತು, ಸಮನಾಗಿ ಬಿಗಿಯಬೇಕು. ಮುಖವನ್ನು ಅದರ ನೇರಕ್ಕೆ ಒಡ್ಡಬಾರದು. ಸ್ಪ್ರಿಂಗು ಬಟ್ಟಲಲ್ಲಿ ಸಡಿಲವಾಯಿತೆಂದು ಖಾತ್ರಿಯಾಗುವ ತನಕ ನೆತ್ತಿಯ ನಟ್ಟು ಮುಟ್ಟಬಾರದು. ಹಳೆಯ ನಟ್ಟು ಬಿಸಾಡಿದೆ, ಹೊಸದು ಹಾಕಿದೆ. ಇಶಿದಾ ಹಳೆಯದನ್ನೇ ಉಜ್ಜಿ ಹಾಕುತ್ತಿದ್ದ.

ಇಶಿದಾನ ಇನ್ನೊಂದು ಚಾಳಿ, ಚಕ್ರ ನೇತಾಡುತ್ತಿರುವಾಗಲೇ ಎಲ್ಲ ಬೋಲ್ಟನ್ನೂ ಕೊನೆಯ ತನಕ ಬಿಗಿದುಬಿಡುವುದು. ಬೇಗ ಮುಗಿಯುತ್ತದಲ್ಲ. ಕೀಲಿನ ಒಳಗಿನ ರಬ್ಬರು ಬಿಗಿದಾಗ ಯಾವ ಭಂಗಿಯಲ್ಲಿರುತ್ತದೋ ಅದನ್ನೇ ತನ್ನ ಸಹಜ ಭಂಗಿ ಎಂದುಕೊಳ್ಳುತ್ತದೆ. ಗಾಡಿ ನೆಲಕ್ಕಿಳಿದ ದಿನದಿಂದ ಹಗಲೂ ರಾತ್ರಿ ಮೈ ತಿರುಚಿಕೊಂಡೇ ಬದುಕಿ, ವರ್ಷದೊಳಗೆ ಹರಿದುಹೋಗುತ್ತದೆ. ನಾನು ಕೈಬಿಗಿ ಮಾತ್ರ ಬಿಟ್ಟು, ಗಾಡಿ ನೆಲಕ್ಕಿಳಿಸಿ, ಗುಂಡಿಗೆ ಹೋಗಿ, ಭಾರ ಕೂತ ಮೇಲೆ ಬಿಗಿದೆ. ಬಿಗಿ ಸರಿಯಾದೊಡನೆ ಟಾರ್ಕ್ ರೆಂಚು ಒಂದೊಂದಕ್ಕೂ ‘ಟಕ್’ ಎಂದಿತು.

ನಾಳೆ ಅಜ್ಜಿಯರನ್ನು ಕೂರಿಸಿ ಓಡಿಸಿ ನೋಡುವುದು. ಹ್ಯುನ್-ಸಾನ್ ಬಿಟ್ಟು ಉಳಿದ ಐವರು.

ಜೂನ್ ೧೨, ಬುಧವಾರ

ಢಬ್.

ಸೇತುವೆಯ ಮೇಲೆ, ಅದೇ ಜಾಗದಲ್ಲಿ. ಸೇತುವೆ ಹತ್ತಿರ ಬಂದಾಗ ಐವರೂ ಮಾತು ನಿಲ್ಲಿಸಿ ಮುಂದಿನ ಸೀಟು ಹಿಡಿದುಕೊಂಡರು. ಅಭ್ಯಾಸ. ಕುಕ್ಕಿದ ಮೇಲೆ ಯಾರೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಜೂನ್ ೧೪, ಶುಕ್ರವಾರ

ನಿನ್ನೆ ಬರೆಯಲಿಲ್ಲ. ಬೋಲ್ಟು ಬೋಲ್ಟೂ ಮತ್ತೆ ನೋಡಿದೆ. ಕೈಯಲ್ಲಿ ತಪ್ಪಿಲ್ಲ. ತಪ್ಪು ತೂಕದಲ್ಲಿ.

ಕೇಂದ್ರಕ್ಕೆ ಹೋದೆ. ಮಧ್ಯಾಹ್ನದ ಊಟ ನಡೆದಿತ್ತು. ಬೆಳ್ಳುಳ್ಳಿ ವಾಸನೆ, ಅಮ್ಮನ ಹಾಗೇ ಗಂಟಲು ಹರಿದುಕೊಂಡು ಮಾತಾಡುವ ಹೆಂಗಸರು. ಬೀದಿಗೆಲ್ಲ ಕೇಳಿಸುತ್ತದೆ. ಬಾಗಿಲ ಬಳಿಯೇ ನಿಂತೆ. ಯಾಂಗ್ ಎಂಬ ಅಜ್ಜಿ, ಒಳ್ಳೆ ಮೂಟೆಯಂಥ ಮೈಕಟ್ಟು, ಸೌತೆ ಕಿಮ್ಚಿ ಕಡಿಯುತ್ತಾ ಕೂತಿದ್ದಳು. ಕಡತದಲ್ಲಿ ಅವಳದು ನಲವತ್ತೆರಡು!

“ಮುನ್-ಸಾನ್, ಇವರನ್ನು ತೂಕ ಮಾಡಿದ್ದು ಯಾವಾಗ?”

“ಮಾಡೇ ಇಲ್ಲ. ತೂಕದ ಯಂತ್ರ ಹತ್ತಲ್ಲ ಅಂತಾರೆ. ಅವರು ಹೇಳಿದ್ದನ್ನ ಬರ್ಕೊಂಡಿದ್ದೀನಿ.”

“ನಾನು ಮದುವೆ ಆದಾಗ ನಲವತ್ತೆರಡೇ ಇದ್ದೆ,” ಎಂದಳು ಯಾಂಗ್ ಅಜ್ಜಿ. “ಆಮೇಲೆ ಯಾರೂ ಕೇಳಿರಲಿಲ್ಲ.”

ಕೊಠಡಿಯೆಲ್ಲ ಬಿದ್ದು ಬಿದ್ದು ನಕ್ಕಿತು. ನಾನು ಮೂಲೆಯ ಯಂತ್ರ ತೋರಿಸಿದೆ. ನಗು ಪಟ್ಟನೆ ನಿಂತಿತು. ಹತ್ತುವುದಿಲ್ಲ, ಅಷ್ಟೇ. ಐವರೂ.

“ಹ್ಯುನ್ ಅಜ್ಜಿ ಹೇಳಿದ್ರೆ ಇವರು ಕೇಳ್ತಾರೆ,” ಎಂದ ಮುನ್. ಆಕೆಯ ಮನೆ ನನ್ನ ಗ್ಯಾರೇಜಿನಿಂದ ಎರಡೇ ಗಲ್ಲಿ. ಎರಡು ತಿಂಗಳಿಂದ ಆ ಗಲ್ಲಿ ತಪ್ಪಿಸಿ ಸುತ್ತುಬಳಸಿ ಓಡಾಡುತ್ತಿದ್ದೆ. ಇವತ್ತು ಹೋದೆ.

ದಿಂಬಿಗೊರಗಿ ಕೂತಿದ್ದಳು. ಚಪ್ಪಲಿ ಕಾರ್ಖಾನೆಯಲ್ಲಿ ನಲವತ್ತು ವರ್ಷ ಅಂಟು ಬಳಿದ ಕೈಗಳು.

“ಹ್ಯುನ್-ಸಾನ್, ಒಂದು ಸಹಾಯ ಆಗಬೇಕಿತ್ತು.”

“ಸಾನ್ ಅಂತೆ ಸಾನ್, ಜಪಾನಿಯರ ಹಾಗೆ! ನಿಮ್ಮಮ್ಮ ನನ್ನ ಸಮ್ಚುನ್ ಅಂತಿದ್ಲು. ನಮ್ಮ ಜೆಜು ದ್ವೀಪದಲ್ಲಿ ಹಿರಿಯರು ಹೆಣ್ಣಾಗ್ಲಿ ಗಂಡಾಗ್ಲಿ ಎಲ್ಲಾ ಸಮ್ಚುನ್ನೇ. ಕೊ ಮನೆ ಹುಡುಗಿ ಅಲ್ವೇನೇ ನೀನು? ಸುನ್‌ಹ್ವಾ?”

“ಜುಂಕೊ,” ಎಂದೆ.

ತೂಕದ ವಿಷಯ ಹೇಳಿದೆ.

“ಹತ್ತಲ್ಲ. ಅವರಿಗೂ ಹತ್ತಿ ಅಂತ ಹೇಳಲ್ಲ. ಹುಟ್ಟಿದಾಗ್ಲಿಂದ ನಮ್ಮನ್ನ ಅಳೆದದ್ದೇ ಅಳೆದದ್ದು. ಎತ್ತರ ಬರ್ಕೊಂಡ್ರು, ಮುಖದ ಫೋಟೊ ತಗೊಂಡ್ರು, ಕಳ್ಳರ ಹಾಗೆ ಬೆರಳು ಒತ್ತಿ ಅಂದ್ರು. ನನ್ನ ಬೆರಳು ನೋಡು, ಅಂಟು ತಿಂದು ಗೆರೆನೇ ಇಲ್ಲ. ಒತ್ತಿದ್ರೂ ಅವರಿಗೆ ಏನೂ ಸಿಕ್ತಿರಲಿಲ್ಲ. ಆದ್ರೂ ಒತ್ತಲಿಲ್ಲ. ಎರಡು ದಿನ ಒಳಗೆ ಹಾಕಿದ್ರು, ಒತ್ತಲಿಲ್ಲ.”

“ತೂಕ ಗೊತ್ತಿಲ್ದೆ ಸ್ಪ್ರಿಂಗು ಆರಿಸೋಕೆ ಆಗಲ್ಲ.”

“ನನ್ನ ಬೆನ್ನು ಮುರಿದದ್ದು ಯಾವುದು, ನಾನಾ ಗಾಡಿನಾ? ಗಾಡಿ ತಾನೆ? ಹಾಗಾದ್ರೆ ಗಾಡಿನ ಅಳಿ. ನಮ್ಮನ್ನ ಯಾಕೆ ಅಳೀತೀಯ?”

ಅಲ್ಲಿಂದ ಎದ್ದು ಬಂದೆ.

ಆಕೆ ಮರೆತಿರಬಹುದು, ನಾನು ಮರೆತಿಲ್ಲ. ೧೯೮೪ರ ಬೇಸಿಗೆ. ನನಗೆ ಹದಿನಾರು ತುಂಬಿತ್ತು, ಇಲ್ಲೇ ಹುಟ್ಟಿದರೂ ಕೊರಿಯಾದವರು ವಿದೇಶಿಯರೆಂದು ಬೆರಳಚ್ಚು ಕೊಡಬೇಕಾದ ವಯಸ್ಸು. ವಾರ್ಡು ಕಚೇರಿಯ ಮೆಟ್ಟಿಲ ಮೇಲೆ ಅದನ್ನು ವಿರೋಧಿಸಿ ಬಟ್ಟೆಯ ಬ್ಯಾನರು ಹಿಡಿದು ಈ ಹೆಂಗಸೇ ಕೂತಿದ್ದಳು. ಅಮ್ಮ ನನ್ನ ಕೈ ಹಿಡಿದು ಆಕೆಯ ಪಕ್ಕದಲ್ಲೇ ಒಳಗೆ ಕರೆದೊಯ್ದಳು. ನಾನು ತಲೆ ಎತ್ತಲಿಲ್ಲ. ಎಡಗೈ ತೋರುಬೆರಳನ್ನು ಗುಮಾಸ್ತ ತಾನೇ ಹಿಡಿದು ಹೊರಳಿಸಿದ. ಆ ಕಪ್ಪು ಸೋಪಿಗೆ ಹೋಗಲಿಲ್ಲ. ಎಣ್ಣೆಯ ಕೆಲಸಕ್ಕೆ ಸೇರಿದೆ, ಕಪ್ಪಿನ ಮೇಲೆ ಕಪ್ಪು ಕಾಣುವುದಿಲ್ಲ.

ಗಾಡಿನ ಅಳಿ ಎಂದಳಲ್ಲ. ಮೂರನೇ ತರಗತಿ ಓದದ ಮುದುಕಿ, ಪರೀಕ್ಷೆ ಪಾಸಾದ ನನಗೆ!

ಸರಿಯಾಗಿಯೇ ಹೇಳಿದಳು.

ಜೂನ್ ೧೭, ಸೋಮವಾರ

ಗಾಡಿಯನ್ನು ಅಳೆದೆ.

ಲೆಕ್ಕ ಸುಲಭ. ನಾನು ಹಾಕಿದ ಹೊಸ ಸ್ಪ್ರಿಂಗು ಎಷ್ಟು ಭಾರಕ್ಕೆ ಎಷ್ಟು ಕುಗ್ಗುತ್ತದೆಂದು ಡಬ್ಬಿಯ ಮೇಲೆಯೇ ಇದೆ. ಚಕ್ರದ ನಡುವಿನಿಂದ ಅದರ ಮೇಲಿನ ಮಡ್‌ಗಾರ್ಡಿನ ಅಂಚಿಗೆ ಟೇಪು ಹಿಡಿಯುವುದು, ಖಾಲಿ ಇದ್ದಾಗ ಒಮ್ಮೆ, ಎಲ್ಲರೂ ಕೂತ ಮೇಲೆ ಒಮ್ಮೆ. ವ್ಯತ್ಯಾಸವೇ ಭಾರ ಹೇಳುತ್ತದೆ. ಯಾರೊಬ್ಬರ ತೂಕವೂ ಯಾರಿಗೂ ತಿಳಿಯುವುದಿಲ್ಲ. ಮೊದಲೇ ಹೀಗೆ ಮಾಡಬೇಕಿತ್ತು. ಕಾಗದ ನಂಬಿದೆ. ನಮ್ಮ ಜನದ ಬಗ್ಗೆ ಕಾಗದ ಯಾವತ್ತು ನಿಜ ಹೇಳಿದೆ?

ಕೇಂದ್ರದ ಅಂಗಳದಲ್ಲಿ ಐವರೂ ಕೈಚೀಲಗಳ ಸಮೇತ ಹತ್ತಿ ಕೂತರು. ಚೀಲದಲ್ಲಿ ಏನಿದೆ ಎಂದೆ. ಮೂಲಂಗಿ, ಕಿಮ್ಚಿ ಜಾಡಿ, ಒಬ್ಬಳದರಲ್ಲಿ ಉಪ್ಪಿನಕಾಯಿ ಒತ್ತುವ ಕಲ್ಲು. ಕಲ್ಲು ಯಾಕೆ ದಿನಾ ಹೊತ್ತು ತರುತ್ತೀರಿ ಎಂದರೆ, “ಮನೇಲಿ ಬಿಟ್ರೆ ಸೊಸೆ ಬಿಸಾಕ್ತಾಳೆ.”

ಹ್ಯುನ್ ಸೀಟು ಖಾಲಿ. ಅದರ ಮೇಲೆ ಅಕ್ಕಿ ಚೀಲ ಇಡೋಣ ಎಂದ ಮುನ್. ಮೂವತ್ತು ಕಿಲೋ ಚೀಲ. ಎಷ್ಟು ಇಡಬೇಕೆಂದು ಜಗಳ ಶುರುವಾಯಿತು.

“ಒಂದೂವರೆ ಸಾಕು, ಪಾಪ, ಮಲಗಿ ಮಲಗಿ ಸೊರಗಿದ್ದಾಳೆ.”

“ಎರಡು ಇಡು. ಆ ಬಾಯಿಗೇ ಅರ್ಧ ಚೀಲ ಬೇಕು.”

ಯಾಂಗ್ ಅಜ್ಜಿ ಫೋನು ಹಚ್ಚಿ ಆಕೆಯನ್ನೇ ಕೇಳಿಬಿಟ್ಟಳು. ಫೋನಿನಿಂದ ಬಂದ ಬೈಗುಳ ಗಾಡಿಯ ಹೊರಗಿದ್ದ ನನಗೂ ಸ್ಪಷ್ಟವಾಗಿ ಕೇಳಿಸಿತು. ಜೆಜು ಮಾತಿನ ಬೈಗುಳ, ಅಮ್ಮ ಬಯ್ಯುತ್ತಿದ್ದದ್ದು. ಟೇಪು ಕೆಳಗಿಟ್ಟು ನಕ್ಕೆ. ಎರಡು ಚೀಲ ಇಟ್ಟೆವು.

ಕಡತದ ಲೆಕ್ಕಕ್ಕಿಂತ ನೂರಾ ಇಪ್ಪತ್ತು ಕಿಲೋ ಹೆಚ್ಚು!

ಗಟ್ಟಿ ಸ್ಪ್ರಿಂಗಿಗೆ ಹೇಳಿದ್ದೇನೆ. ಬರುವುದು ಇಪ್ಪತ್ತೆರಡಕ್ಕೆ. ಆಮೇಲೆ ಉಳಿಯುವುದು ಎಂಟು ದಿನ.

ಜೂನ್ ೧೯, ಬುಧವಾರ

ಮಧ್ಯಾಹ್ನ ಕೇಂದ್ರದಲ್ಲೇ ಉಂಡೆ. ದಾರಿಯಲ್ಲಿತ್ತು, ಅದಕ್ಕೆ. ಯಾಂಗ್ ಸಮ್ಚುನ್ ಬಲವಂತ ಮಾಡಿ ಎರಡು ಸಲ ಬಡಿಸಿದಳು.

ಜೂನ್ ೨೪, ಸೋಮವಾರ

ಸ್ಪ್ರಿಂಗು, ಹೊಸ ರಬ್ಬರು ಮುದ್ದೆ, ಎಲ್ಲ ಕೂತವು. ಕೊನೆಯ ಬಿಗಿ ಮಾತ್ರ ಉಳಿದಿತ್ತು. ಚಕ್ರ ನೆಲದ ಮೇಲಿರಬೇಕು ಎನ್ನುತ್ತದೆ ಕಂಪನಿಯ ಪುಸ್ತಕ. ಗಾಡಿಯೊಳಗೆ ಯಾರಿರಬೇಕೆಂದು ಅದರಲ್ಲಿಲ್ಲ. ಈ ವ್ಯಾನು ಖಾಲಿ ಓಡುವುದೇ ಅಪರೂಪ, ದಿನವಿಡೀ ಆರು ಮಂದಿಯನ್ನು ಹೊರುವ ಗಾಡಿ. ಹಾಗಾದರೆ ಅದರ ಸಹಜ ಭಂಗಿ ಯಾವುದು? ಅವರು ಕೂತಾಗಿನದು. ಅವರನ್ನೇ ಕರೆಸಿದೆ. ಚಕ್ರಕ್ಕೆ ಹಿಂದೆ ಮುಂದೆ ಅಡ್ಡಗಟ್ಟೆ, ಬ್ರೇಕು, ಕೀಲಿಕೈ ನನ್ನ ಜೇಬಿನಲ್ಲಿ.

ಹ್ಯುನ್ ಸಮ್ಚುನ್‌ಳನ್ನು ಮುನ್ ಗಾಲಿಕುರ್ಚಿಯಲ್ಲಿ ನಿಧಾನಕ್ಕೆ ನೂಕಿಕೊಂಡು ಬಂದ. ನಿಂತ ಗಾಡಿ, ಕುಲುಕಾಟವಿಲ್ಲ. ತನ್ನ ಸೀಟಿನ ಮೇಲೆ ಇನ್ನೂ ಇದ್ದ ಅಕ್ಕಿ ಚೀಲಗಳನ್ನು ನೋಡಿದಳು.

“ಇದೇನಾ ನಾನು?”

“ಕಡಿಮೆ ಆಯ್ತಾ ಸಮ್ಚುನ್?” ಎಂದೆ.

“ಇಳಿಸೇ ಕತ್ತೆ!”

ನಾನು ಗುಂಡಿಗಿಳಿದೆ. ತಲೆಯ ಮೇಲೆ ಆರು ಹೆಂಗಸರು, ಅವರ ಮೇಲೆ ಕಮಾನು, ಕಮಾನಿನ ಮೇಲೆ ರೈಲು. ಒಂದೊಂದು ಬೋಲ್ಟೂ ‘ಟಕ್’ ಎಂದಾಗ ಮೇಲಿನಿಂದ ಒಟ್ಟಾಗಿ ಎಣಿಸುತ್ತಿದ್ದರು. “ಹಾನಾ! ತುಲ್!” ಒಂದು, ಎರಡು. ಕೆಳಗಿದ್ದು ನಾನೂ ಎಣಿಸುತ್ತಿದ್ದೆನೆಂದು ಕಾಣುತ್ತದೆ, ಯಾಕೆಂದರೆ ಹ್ಯುನ್ ಸಮ್ಚುನ್ ದನಿ ನೆಲದ ತಗಡಿನಿಂದ ಬಂತು.

“ಭಾಷೆ ಮರೆತಿಲ್ಲ ನೀನು.”

ನಾನು ಮುಂದಿನ ಬೋಲ್ಟಿಗೆ ಹೋದೆ.

“ಆವತ್ತು ಮೆಟ್ಟಿಲ ಮೇಲೆ ನಿನ್ನ ನೋಡಿದ್ದೆ ಕಣೇ. ಅಮ್ಮನ ಕೈ ಹಿಡ್ಕೊಂಡಿದ್ದೆ. ತಲೆ ಎತ್ತಲೇ ಇಲ್ಲ.”

ರೆಂಚು ಹಾಗೇ ಹಿಡಿದು ನಿಂತೆ. ಇಪ್ಪತ್ತೊಂಬತ್ತು ವರ್ಷ ನಾನು ಹೆದರಿದ್ದು ಈ ಮಾತಿಗೇ.

“ನಿಮ್ಮಮ್ಮ ಆಮೇಲೆ ನನ್ನ ಹತ್ರ ಬಂದು ಅತ್ಲು. ನಾನು ಹೇಳ್ದೆ, ಹದಿನಾರರ ಮಗು ತಲೆ ಮೇಲೆ ಇಡೋ ಭಾರ ಅಲ್ಲ ಅದು, ನಾವು ಹೊರ್ತೀವಿ ಬಿಡು ಅಂತ. ನಾವು ಅಲ್ಲಿ ಕೂತದ್ದಾದ್ರೂ ಯಾಕೆ? ನಿಮ್ಮಂಥೋರಿಗೋಸ್ಕರ ತಾನೆ?”

ಮೇಲೆ ನೋಡಲು ಹೋದೆ.

“ಈಗ ತಲೆ ಎತ್ತಬೇಡ ಮಾರಾಯ್ತಿ! ಗಾಡಿಗೆ ಬಡಿಯುತ್ತೆ!”

ಬಡಿಯಿತು. ಮೇಲೆ ಆರೂ ಮಂದಿ ಗಾಡಿ ಕುಲುಕುವಷ್ಟು ನಕ್ಕರು. ನಗು ನಿಂತು ಗಾಡಿ ಸ್ಥಿರವಾಗುವ ತನಕ ಕಾದು ಉಳಿದದ್ದನ್ನು ಬಿಗಿದೆ. ಅವಸರ ಮಾಡಲಿಲ್ಲ.

ಜೂನ್ ೨೬, ಬುಧವಾರ

ಚಕ್ರಗಳ ಜೋಡಣೆ ಅಳೆದು ಸರಿಪಡಿಸಿದೆ. ಹಿಂಭಾಗ ಎತ್ತರವಾದ್ದರಿಂದ ಹೆಡ್‌ಲೈಟು ನೆಲ ನೋಡುತ್ತಿತ್ತು, ಅದನ್ನೂ ಎತ್ತಿದೆ. ಚಕ್ರದ ನಟ್ಟುಗಳನ್ನು ನೂರು ಕಿಲೋಮೀಟರ್ ಓಡಿಸಿ ಮತ್ತೆ ಬಿಗಿದೆ. ದಾಖಲೆ ಪುಸ್ತಕ ತುಂಬಿದೆ: ಯಾವ ಭಾಗ, ಯಾವ ಸಂಖ್ಯೆ, ಎಷ್ಟು ಬಿಗಿ. ಕೊನೆಯಲ್ಲಿ ‘ಕೆಲಸ ಮಾಡಿದವರ ಹೆಸರು’ ಎಂಬ ಚೌಕ. ಬರೆದೆ. ಕೈ ಒರೆಸಿಕೊಂಡಿರಲಿಲ್ಲ, ಎಣ್ಣೆ ಬೆರಳು ತಾಗಿತು.

ಸರ್ಕಾರಿ ತಪಾಸಣೆಗೆ ನಾನೇ ಒಯ್ದೆ. ತನಿಖೆಯವನು ಕೆಳಗಿನಿಂದ ಸುತ್ತಿಗೆಯಲ್ಲಿ ಟಿಣ್ ಟಿಣ್ ಬಡಿದು, ಹೊಸ ಸ್ಪ್ರಿಂಗು ಕಂಡು ಗಾಡಿ ಎತ್ತಿಸಿದ. ಚಕ್ರ ನೇತಾಡಿತು. ಕೈಯಿಂದ ಸ್ಪ್ರಿಂಗು ತಿರುಗಿಸಲು ನೋಡಿದ. ಕದಲಲಿಲ್ಲ. ಇನ್ನೊಮ್ಮೆ ನೋಡಿದ. ನೋಡಪ್ಪ, ಸಂಜೆ ತನಕ ನೋಡು ಎಂದುಕೊಂಡೆ.

“ಚೊಕ್ಕ ಕೆಲಸ,” ಎಂದ. “ಯಾರು ಮಾಡಿದ್ದು?”

“ಪುಸ್ತಕದಲ್ಲಿದೆ,” ಎಂದೆ.

ಪಾಸು.

ಜೂನ್ ೨೮, ಶುಕ್ರವಾರ

ಡಾಕ್ಟರು ಒಪ್ಪಿದರು. ಮೊದಲ ಓಡಾಟಕ್ಕೆ ನಾನೇ ಓಡಿಸಿದೆ, ಮುನ್ ಪಕ್ಕದಲ್ಲಿ. ಹ್ಯುನ್ ಸಮ್ಚುನ್ ನಡುವಿನ ಸೀಟು. ಎರಡು ತಿಂಗಳ ಮಾತು ಬಾಕಿಯಿತ್ತಲ್ಲ, ಹತ್ತಿದ್ದೇ ಶುರು. ಚಪ್ಪಲಿ ಕಾರ್ಖಾನೆಯ ಮೇಸ್ತ್ರಿಯೊಬ್ಬ ಅಂಟಿನ ಡಬ್ಬಿಯ ಮೇಲೆ ಕೂತುಬಿಟ್ಟ ಕತೆ. ಯಾಂಗ್ ಸಮ್ಚುನ್ ನಡುನಡುವೆ ಬಾಯಿ ಹಾಕಿ, “ಪ್ಯಾಂಟು ಬಿಚ್ಚಿದ್ದು ನಾನು, ನೀನಲ್ಲ!” ಎನ್ನುತ್ತಿದ್ದಳು. ಸೇತುವೆ ಬಂತು. ಸಂದು ಬಂತು. ಮೇಸ್ತ್ರಿ ಇನ್ನೂ ಡಬ್ಬಿಗೇ ಅಂಟಿಕೊಂಡಿದ್ದ. ಮಾತು ನಿಲ್ಲಲಿಲ್ಲ. ಯಾರೂ ಸೀಟು ಹಿಡಿಯಲಿಲ್ಲ. ಮುಂದಿನ ತಿರುವಿನಲ್ಲಿ ಕತೆ ಮುಗಿದು ನಗು ಮುಗಿದ ಮೇಲೆ ಹ್ಯುನ್ ಸಮ್ಚುನ್ ಕಿಟಕಿಯ ಹೊರಗೆ ನೋಡಿದಳು.

“ಏನೇ, ಸೇತುವೆ ಇನ್ನೂ ಬರಲಿಲ್ವಾ?”

ಮುನ್ ಮುಖ ಆ ಕಡೆ ತಿರುಗಿಸಿಕೊಂಡ. ನಾನು ರಸ್ತೆ ನೋಡಿದೆ.

ಕೇಂದ್ರದ ಬಾಗಿಲಲ್ಲಿ ನಿಂತೇ ಮಗನಿಗೆ ಫೋನು ಮಾಡಿಸಿದಳು. “ಭಾನುವಾರ ಬಾ. ಬಟ್ಟೆ ಗಂಟು ಕಟ್ಟೋಕಲ್ಲ, ಊಟಕ್ಕೆ ಬಾ,” ಎಂದು ಇಟ್ಟಳು.

ನಾನು ದಾಖಲೆ ಪುಸ್ತಕ ಮುನ್ ಕೈಗೆ ಕೊಟ್ಟೆ. ಅವನು ಕೊನೆಯ ಪುಟ ನೋಡಿ, “ಇಲ್ಲಿ ಎಣ್ಣೆ ಬೆರಳು ಬಿದ್ದಿದೆ, ಬೇರೆ ಹಾಳೆ ಬರೆಯೋಣವಾ?” ಎಂದ.

“ಬೇಡ, ಇರಲಿ. ಯಾರು ಮಾಡಿದ್ದು ಅಂತ ಗೊತ್ತಾಗುತ್ತೆ.”

ಹ್ಯುನ್ ಸಮ್ಚುನ್ ಪುಸ್ತಕ ಕಿತ್ತುಕೊಂಡು ಕಣ್ಣ ಹತ್ತಿರ ಹಿಡಿದು ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿದಳು.

“ಕೊ... ಸುನ್... ಹ್ವಾ.”

ಆಮೇಲೆ ಹೆಸರಿನ ಪಕ್ಕದ ಕಪ್ಪು ಗುರುತಿನ ಮೇಲೆ ತನ್ನ ನುಣುಪು ಬೆರಳಿಟ್ಟು ಸವರಿದಳು.

“ಎಷ್ಟು ಚೆನ್ನಾಗಿ ಮೂಡಿವೆ ಕಣೇ ನಿನ್ನ ಗೆರೆಗಳು,” ಎಂದಳು.